ನಿಮಗಿದು ಗೊತ್ತೇ? ಹಟಮಾರಿ ರೈಫಲ್‌ಗೆ ಕೈತುತ್ತು

ಒಂದೇ ಕಾರ್ಖಾನೆಯಿಂದ ಒಂದರ ಹಿಂದೊಂದು ನಂಬರು ಬಿದ್ದು ಹೊರಬಂದ ಎರಡು ಬೇಟೆ ರೈಫಲ್‌ಗಳಿವೆ ಎನ್ನಿ. ಎರಡಕ್ಕೂ ಒಂದೇ ಡಬ್ಬಿಯ ತೋಟಾ ಹಾಕಿ, ನೂರು ಗಜ ದೂರದ ಕಾಗದಕ್ಕೆ ಈಡು ಹೊಡೆದರೆ, ಒಂದರ ಗುಂಡುಗಳು ಹತ್ತು ರೂಪಾಯಿ ನಾಣ್ಯದಡಿ ಮುಚ್ಚಿಹೋಗುವಷ್ಟು ಒತ್ತಾಗಿ ಬೀಳಬಹುದು, ಇನ್ನೊಂದರವು ಸಾಸರಿನಷ್ಟಗಲ ಚೆದುರಬಹುದು. ನಳಿಗೆ ಕೊರೆಯುವ ಉಪಕರಣ ಪ್ರತಿ ಸಲವೂ ಒಂದಿಷ್ಟು ಸವೆಯುತ್ತದೆ. ತೋಟಾ ಕೂರುವ ಗೂಡು ಒಂದರಲ್ಲಿ ಕೂದಲೆಳೆಯಷ್ಟು ಉದ್ದ, ಇನ್ನೊಂದರಲ್ಲಿ ಕೂದಲೆಳೆಯಷ್ಟು ಓರೆ. ಅಷ್ಟಕ್ಕೇ ಒಂದು ಸಾಧುವಾಗುತ್ತದೆ, ಇನ್ನೊಂದು ಹಟ ಹಿಡಿಯುತ್ತದೆ. ಹಟಮಾರಿಯನ್ನು ಮಾರಿ ಕೈತೊಳೆದುಕೊಳ್ಳದೆ, ಅದಕ್ಕೆ ಒಗ್ಗುವ ತೋಟಾವನ್ನು ತಾವೇ ಕಟ್ಟಿ ಕಟ್ಟಿ ಹುಡುಕುವವರು ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಬಹಳ ಮಂದಿ. ಈ ಕೆಲಸಕ್ಕೆ ಅವರು ಹ್ಯಾಂಡ್‌ಲೋಡಿಂಗ್ ಅನ್ನುತ್ತಾರೆ. ನನಗೆ ಕೈತುತ್ತು ಎನ್ನುವ ಮಾತೇ ಹಿಡಿಸುತ್ತದೆ: ಹೋಟೆಲಿನ ಊಟ ಒಗ್ಗದ ಮಗುವಿಗೆ ಪಥ್ಯ ನೋಡಿ ತಿನ್ನಿಸುವ ಹಾಗೆ. ಆ ಪಥ್ಯದ ಹಿಂದಿನ ಸಂಗತಿಗಳು ಒಂದೊಂದಾಗಿ ಇಲ್ಲಿವೆ.

■ ತೋಟಾದಲ್ಲಿ ಇರುವುದು ನಾಲ್ಕೇ ವಸ್ತು: ಹಿತ್ತಾಳೆ ಕೋಶ, ಅದರ ತಳದಲ್ಲಿ ಕಿಡಿ ಹುಟ್ಟಿಸುವ ಪ್ರೈಮರ್, ಒಳಗೆ ಮದ್ದು, ಬಾಯಿಗೆ ಗುಂಡು. ಈಡು ಹಾರಿದ ಮೇಲೆ ಮೂರು ಮುಗಿದುಹೋಗುತ್ತವೆ, ಹಿತ್ತಾಳೆ ಕೈಯಲ್ಲಿ ಉಳಿಯುತ್ತದೆ. ಅದಕ್ಕೆ ಹೊಸ ಪ್ರೈಮರ್, ಹೊಸ ಮದ್ದು, ಹೊಸ ಗುಂಡು ಕೊಟ್ಟರೆ ಮತ್ತೆ ತೋಟಾ. ಈ ಹಿತ್ತಾಳೆಯಲ್ಲಿ 70 ಪಾಲು ತಾಮ್ರ, 30 ಪಾಲು ಸತು. ಮದ್ದು ಉರಿದಾಗ ಉಬ್ಬಿ ಗೂಡಿನ ಗೋಡೆಗೆ ಅಂಟಿ ಬಿಸಿ ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯಬೇಕು, ಮರುಕ್ಷಣ ಕುಗ್ಗಿ ಸಲೀಸಾಗಿ ಹೊರಬರಬೇಕು. ಈ ಎರಡು ಗುಣ ಒಟ್ಟಿಗೆ ಇದರಷ್ಟು ಚೆನ್ನಾಗಿ ಬೇರೆ ಲೋಹದಲ್ಲಿ ಸಿಗುವುದು ಅಪರೂಪ.

■ ನಮ್ಮ ಮಲೆನಾಡಿನ ಕೇಪಿನ ಕೋವಿಯೂ ಕೈತುತ್ತಿನದೇ. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗುಂಡನ್ನೋ ಚರೆಯನ್ನೋ ಹಾಕಿ, ಮೇಲೆ ಇನ್ನೊಂದಿಷ್ಟು ನಾರಿಟ್ಟು ಸಲಾಕೆಯಿಂದ ಜಡಿಯುತ್ತಿದ್ದರು. ಸಲಾಕೆ ನಳಿಗೆಯಿಂದ ಎಷ್ಟು ಬೆರಳು ಹೊರಗೆ ನಿಂತಿತು ಎಂಬುದೇ ಅಳತೆ. ಕರಿಮದ್ದಿಗೆ ಆ ಲೆಕ್ಕ ನಡೆಯುತ್ತಿತ್ತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಹೊಗೆಯಿಲ್ಲದ ಮದ್ದು ಕಂಡುಹಿಡಿದ ಮೇಲೆ ಬೆರಳಿನ ಲೆಕ್ಕ ಮುಗಿಯಿತು. ಅಷ್ಟೇ ತೂಕಕ್ಕೆ ಹೊಸ ಮದ್ದಿನ ಕಸುವು ಹಲವು ಪಟ್ಟು. ಹಳೆಯ ಕೋವಿಗೆ ಹೊಸ ಮದ್ದನ್ನು ಬೆರಳಲ್ಲಿ ಅಳೆದು ಹಾಕಿದರೆ ನಳಿಗೆ ಸಿಡಿದು ಕೈ ಹೋಗುತ್ತದೆ.

■ ಹೊಸ ಮದ್ದಿಗೆ ಹೊಸ ಅಳತೆ ಬೇಕಲ್ಲ? ಇಡೀ ಲೋಕ ಗ್ರಾಮಿಗೆ ಬಂದಿದ್ದರೂ ತೋಟಾ ಕಟ್ಟುವವರ ತಕ್ಕಡಿ ಇಂದಿಗೂ ‘ಗ್ರೇನ್’ ಅನ್ನುತ್ತದೆ. ಹೆಸರೇ ಹೇಳುವಂತೆ ಇದರ ಮೂಲ ಕಾಳು. ಒಂದು ಪೌಂಡಿಗೆ 7,000 ಗ್ರೇನ್, ಅಂದರೆ ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ. ನಮ್ಮ ಅಕ್ಕಸಾಲಿಗರ ಗುಲಗಂಜಿ ಸುಮಾರು 120 ಮಿಲಿಗ್ರಾಂ, ಇಂಥ ಎರಡು ಗ್ರೇನಿಗೆ ತುಸು ಕಡಿಮೆ. ಮದ್ದು ತೂಗುವವರು ಒಂದು ಗ್ರೇನಿನ ಹತ್ತನೇ ಒಂದು ಪಾಲಿಗೂ ಬೆಲೆ ಕೊಡುತ್ತಾರೆ. ಗುಲಗಂಜಿಯನ್ನು ಹತ್ತೊಂಬತ್ತು ಚೂರು ಮಾಡಿದರೆ ಒಂದು ಚೂರು ಎಷ್ಟು ತೂಗುತ್ತದೋ ಅಷ್ಟು. ತಕ್ಕಡಿಯ ಪಕ್ಕ ಫ್ಯಾನು ತಿರುಗುತ್ತಿದ್ದರೆ ಲೆಕ್ಕ ತಪ್ಪುತ್ತದೆ, ಉಸಿರು ತಾಗಿದರೂ ತಪ್ಪುತ್ತದೆ. ಆದ್ದರಿಂದ ಕಿಟಕಿ ಮುಚ್ಚಿಕೊಂಡು ಕೂರುತ್ತಾರೆ.

■ ಪ್ರೈಮರ್‌ಗಳಲ್ಲಿ ಎರಡು ಬಗೆ. ಒಂದರ ಕರ್ತೃ ಬ್ರಿಟನ್ನಿನ ಸೇನಾಧಿಕಾರಿ ಎಡ್ವರ್ಡ್ ಬಾಕ್ಸರ್, ಇನ್ನೊಂದರದು ಅಮೆರಿಕದ ಹೈರಮ್ ಬರ್ಡನ್. ಎರಡೂ 1860ರ ದಶಕದವು. ಆದರೆ ಅಮೆರಿಕ ಅಪ್ಪಿಕೊಂಡದ್ದು ಬ್ರಿಟನ್ನಿನವನ ಬಾಕ್ಸರ್ ಪ್ರೈಮರನ್ನು. ಯುರೋಪಿನ ಸೇನೆಗಳು ಬಹುಪಾಲು ಅಪ್ಪಿಕೊಂಡದ್ದು ಅಮೆರಿಕದವನ ಬರ್ಡನ್ನನ್ನು. ಈ ಅದಲುಬದಲಿನ ಫಲ ದೊಡ್ಡದು. ಬಾಕ್ಸರ್ ಕೋಶದ ತಳದಲ್ಲಿ ನಟ್ಟನಡುವೆ ಒಂದೇ ತೂತು, ಒಂದು ಸೂಜಿ ತೂರಿಸಿ ತಳ್ಳಿದರೆ ಉರಿದ ಪ್ರೈಮರ್ ‘ಟಿಕ್’ ಎಂದು ಕೆಳಗೆ ಬೀಳುತ್ತದೆ. ಬರ್ಡನ್‌ನಲ್ಲಿ ಅಕ್ಕಪಕ್ಕ ಎರಡು ಸಣ್ಣ ತೂತು, ನಡುವೆ ಕೋಶದ್ದೇ ಗುಬುಟು. ಅಲ್ಲಿ ಸೂಜಿ ಕೆಲಸಕ್ಕೆ ಬಾರದು. ಮನೆಯಲ್ಲಿ ತೋಟಾ ಕಟ್ಟುವ ಹವ್ಯಾಸ ಅಮೆರಿಕದಲ್ಲಿ ಬೇರುಬಿಟ್ಟದ್ದಕ್ಕೆ ಆ ಒಂದು ನಡುತೂತೂ ಕಾರಣ.

■ ಹಿತ್ತಾಳೆಗೂ ಕುದುರೆಗೂ ಏನು ಸಂಬಂಧ? ಇದು ನಮ್ಮ ನೆಲದಲ್ಲೇ ನಡೆದ ಕತೆ, ಈ ವಿಷಯದಲ್ಲಿ ನನಗೆ ತುಂಬ ಹಿಡಿಸಿದ ಕತೆಯೂ ಹೌದು. ಬ್ರಿಟಿಷರ ಸೇನೆ ಭಾರತದಲ್ಲಿ ಮಳೆಗಾಲದ ತಿಂಗಳುಗಳಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ನಿಂತು ಡಬ್ಬಿ ತೆರೆದರೆ, ಯಾರೂ ಮುಟ್ಟದ ಹೊಸ ತೋಟಾಗಳ ಕುತ್ತಿಗೆಯಲ್ಲಿ ಬಿರುಕು! ಮಳೆಗಾಲಕ್ಕೆ ಮಾತ್ರ ಬರುತ್ತಿದ್ದ ಕಾರಣ ಇದಕ್ಕೆ ‘ಋತು ಬಿರುಕು’ ಎಂಬರ್ಥದ ಹೆಸರೇ ಬಿತ್ತು. ಗುಟ್ಟು ಬಿಡಿಸಿದವರು ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಲೋಹಶಾಸ್ತ್ರಜ್ಞರು, 1921ರಲ್ಲಿ. ಕುದುರೆಯ ಗಂಜಳದಿಂದ ಏಳುವ ಅಮೋನಿಯ ತೇವದ ಗಾಳಿಯಲ್ಲಿ ಸೇರಿ ಹಿತ್ತಾಳೆಯ ತಾಮ್ರವನ್ನು ಕರಗಿಸುತ್ತಿತ್ತು. ಎಲ್ಲ ಕಡೆಯೂ ಅಲ್ಲ, ಲೋಹವನ್ನು ಎಳೆದು ಒತ್ತಿ ರೂಪಕೊಟ್ಟು ಒಳಗೆ ಬಿಗಿತ ಉಳಿದ ಜಾಗದಲ್ಲಿ ಮಾತ್ರ. ಕುತ್ತಿಗೆಯನ್ನು ಹದವಾಗಿ ಕಾಯಿಸಿ ಬಿಗಿತ ಇಳಿಸಿದರೆ ಬಿರುಕು ಬರುವುದಿಲ್ಲ. ಸೈನ್ಯದ ರೈಫಲ್ ತೋಟಾಗಳ ಕುತ್ತಿಗೆ ಭಾಗದಲ್ಲಿ ನೀಲಿ ಕಂದು ಬಣ್ಣದ ಒಂದು ಪಟ್ಟೆ ಕಾಣುತ್ತದಲ್ಲ, ಅದು ಕೊಳೆಯಲ್ಲ, ಈ ಕಾಯಿಸಿದ ಗುರುತು.

■ ಹಾಗಾಗಿ ತಿಳಿದವರು ಅಮೋನಿಯ ಬೆರೆತ ಪಾಲಿಶ್‌ನಿಂದ ಕೋಶ ಉಜ್ಜುವುದಿಲ್ಲ. ಆದರೆ ಅದೇ ಅಮೋನಿಯ ನಳಿಗೆಯೊಳಗೆ ದೊಡ್ಡ ಉಪಕಾರಿ. ಗುಂಡಿನ ತಾಮ್ರ ನಳಿಗೆಯ ಗೆರೆಗಳಿಗೆ ಮೆತ್ತಿಕೊಂಡು ಒಳ್ಳೆಯ ರೈಫಲ್ಲನ್ನೂ ಕೆಡಿಸುತ್ತದೆ. ಅಮೋನಿಯ ಇರುವ ದ್ರಾವಣ ಹಾಕಿ ಬಟ್ಟೆ ತೂರಿಸಿ ತೆಗೆದರೆ ಬಿಳಿ ಬಟ್ಟೆ ನೀಲಿಯಾಗಿ ಹೊರಬರುತ್ತದೆ. ಆ ನೀಲಿ ಕರಗಿದ ತಾಮ್ರ. ಬಟ್ಟೆ ಬೆಳ್ಳಗೆ ಬರುವ ತನಕ ಉಜ್ಜಿದ ಮೇಲೆ ಎಷ್ಟೋ ‘ಕೆಟ್ಟ’ ರೈಫಲ್‌ಗಳು ಸರಿಹೋದದ್ದುಂಟು. ಹೊಸ ತೋಟಾ ಕಟ್ಟುವ ಮೊದಲು ಇದನ್ನೇ ಮಾಡಬೇಕು.

■ ಕೋಶ ತೊಳೆಯಲು ಅಲ್ಲಿನವರು ಸಿಟ್ರಿಕ್ ಆಮ್ಲದ ನೀರು ಬಳಸುತ್ತಾರೆ. ನಮ್ಮಲ್ಲಿ ದೇವರ ಕಂಚು, ಹಿತ್ತಾಳೆಗೆ ಹುಣಸೆಹಣ್ಣು ತಿಕ್ಕುವುದರ ಹಿಂದಿನ ರಸಾಯನವೂ ಇದೇ ಜಾತಿಯದು, ಹುಳಿ ಕಿಲುಬನ್ನು ಕರಗಿಸುತ್ತದೆ.

■ ಒಂದು ಕೋಶವನ್ನು ಎಷ್ಟು ಸಲ ಬಳಸಬಹುದು? ಲೆಕ್ಕಕ್ಕಿಂತ ಬೆರಳನ್ನು ನಂಬಬೇಕು. ಪ್ರತಿ ಈಡಿಗೂ ಹಿತ್ತಾಳೆ ಮುಂದಕ್ಕೆ ಜರುಗಿ ತಳದ ಸ್ವಲ್ಪ ಮೇಲೆ ಗೋಡೆ ತೆಳುವಾಗುತ್ತದೆ. ಹೊರಗಿಂದ ಅದು ಕಾಣದು. ಪೇಪರ್ ಕ್ಲಿಪ್ಪನ್ನು ನೆಟ್ಟಗೆ ಮಾಡಿ, ತುದಿಯನ್ನು ಮಾತ್ರ ಕೊಕ್ಕೆಯಂತೆ ಬಗ್ಗಿಸಿ, ಖಾಲಿ ಕೋಶದೊಳಗೆ ಇಳಿಸಿ, ತಳದಿಂದ ಮೇಲಕ್ಕೆ ಗೋಡೆ ಸವರುತ್ತಾ ಎಳೆಯುತ್ತಾರೆ. ಎಲ್ಲೋ ಒಂದು ಕಡೆ ಕೊಕ್ಕೆ ಸಣ್ಣ ಹಳ್ಳಕ್ಕೆ ಬಿದ್ದು ತಡೆದಂತೆ ಬೆರಳಿಗೆ ತಿಳಿಯುತ್ತದೆ. ಆ ತಡೆ ಸಿಕ್ಕ ಕೋಶಕ್ಕೆ ಮತ್ತೆ ಮದ್ದು ಹಾಕಬಾರದು, ಮುಂದಿನ ಈಡಿಗೆ ಅದು ಅಲ್ಲೇ ಎರಡಾಗಬಹುದು. ಲಕ್ಷಾಂತರ ರೂಪಾಯಿಯ ಉಪಕರಣಗಳ ನಡುವೆ ಈ ಕಾಸಿನ ತಂತಿ ಕಣ್ಣನ್ನೂ ಕೈಯನ್ನೂ ಕಾಯುತ್ತದೆ.

■ ಕಾರಿನ ಚಕ್ರದಲ್ಲಿ ಗಾಳಿಯ ಒತ್ತಡ ಸುಮಾರು 33 ಪಿಎಸ್‌ಐ. ಬೇಟೆಗಾರರ ಅಚ್ಚುಮೆಚ್ಚಿನ ‘ಥರ್ಟಿ-ಆಟ್-ಸಿಕ್ಸ್’ ತೋಟಾಕ್ಕೆ ಅಮೆರಿಕದಲ್ಲಿ ಗೊತ್ತುಮಾಡಿದ ಗರಿಷ್ಠ ಒತ್ತಡ 60,000 ಪಿಎಸ್‌ಐ, ಚಕ್ರದ 1,800 ಪಟ್ಟು. (ಆ ಸಿಕ್ಸ್ ಎಂದರೆ 1906, ಅಮೆರಿಕದ ಸೇನೆ ಅದನ್ನು ಒಪ್ಪಿಕೊಂಡ ವರ್ಷ.) ಅದು ಬಳಸುವವನ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ ಹುಟ್ಟುವ ಒತ್ತಡ. ಆದ್ದರಿಂದ ಪ್ರಕಟಿತ ಕೈಪಿಡಿಯ ಗರಿಷ್ಠ ಮಿತಿಗಿಂತ ಹತ್ತನೇ ಒಂದು ಪಾಲು ಕೆಳಗಿನಿಂದ ಶುರುಮಾಡಿ ಮೆಟ್ಟಿಲು ಮೆಟ್ಟಿಲಾಗಿ ಏರುವುದು ಈ ಕಸುಬಿನ ಮೊದಲ ಪಾಠ. ಕಡಿಮೆ ಹಾಕಿದರೆ ಕ್ಷೇಮ ಎಂದುಕೊಳ್ಳುವುದೂ ತಪ್ಪು. ನಿಧಾನವಾಗಿ ಉರಿಯುವ ಮದ್ದನ್ನು ದೊಡ್ಡ ಕೋಶದಲ್ಲಿ ತೀರ ಕಡಿಮೆ ಹಾಕಿದಾಗಲೂ ರೈಫಲ್‌ಗಳು ಒಡೆದ ಉದಾಹರಣೆಗಳಿವೆ. ಎಲ್ಲ ಕೋಶಗಳನ್ನೂ ಹಲಗೆಯ ತೂತುಗಳಲ್ಲಿ ನಿಲ್ಲಿಸಿ, ಗುಂಡು ಕೂರಿಸುವ ಮೊದಲು ಟಾರ್ಚ್ ಹಾಕಿ ಪ್ರತಿಯೊಂದರಲ್ಲೂ ಮದ್ದು ಒಂದೇ ಮಟ್ಟಕ್ಕಿದೆಯೇ ಎಂದು ಬಗ್ಗಿ ನೋಡುತ್ತಾರೆ. ಆ ನೋಟವನ್ನು ಎಂದೂ ಬಿಡಬಾರದು.

■ ಇನ್ನು ಹಟದ ಮೂಲಕ್ಕೆ ಬರೋಣ. ನಳಿಗೆಯೊಳಗಿನ ಸುರುಳಿ ಗೆರೆಗಳು ಗುಂಡನ್ನು ಬುಗುರಿಯಂತೆ ತಿರುಗಿಸುತ್ತವೆ. ಹತ್ತು ಇಂಚಿಗೆ ಒಂದು ಸುತ್ತು ಹಾಕಿಸುವ ನಳಿಗೆಯಿಂದ ಸೆಕೆಂಡಿಗೆ 2,800 ಅಡಿ ವೇಗದಲ್ಲಿ ಹೊರಟ ಗುಂಡು ನಿಮಿಷಕ್ಕೆ ಎರಡು ಲಕ್ಷ ಸುತ್ತಿಗೂ ಹೆಚ್ಚು ತಿರುಗುತ್ತದೆ. ಯಾವ ಗುಂಡಿಗೆ ಎಷ್ಟು ತಿರುವು ಬೇಕೆಂದು ಸುಲಭ ಸೂತ್ರ ಕೊಟ್ಟವರು ವುಲಿಚ್‌ನ ಗಣಿತ ಪ್ರಾಧ್ಯಾಪಕ ಜಾರ್ಜ್ ಗ್ರೀನ್‌ಹಿಲ್, 1879ರಲ್ಲಿ. ಅವರ ಸೂತ್ರದಲ್ಲಿ ಎದ್ದುಕಾಣುವ ಮಾತು ಒಂದೇ: ಗುಂಡು ಉದ್ದವಾದಷ್ಟೂ ತಿರುವು ಬಿಗಿಯಾಗಬೇಕು. ಗುಂಡಿನ ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಇರುವುದು ತೂಕ. ರೈಫಲ್‌ಗೆ ಮುಖ್ಯವಾದದ್ದು ಉದ್ದ.

■ ಇದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ 1955ರ ಅಮೆರಿಕದ ಕತೆ ಸಾಕ್ಷಿ. ಆ ವರ್ಷ ಎರಡು ದೊಡ್ಡ ಕಂಪನಿಗಳು ಒಂದೇ ಗಾತ್ರದ ಗುಂಡಿನ ಎರಡು ತೋಟಾಗಳನ್ನು ಮಾರುಕಟ್ಟೆಗೆ ಬಿಟ್ಟವು: ವಿಂಚೆಸ್ಟರ್‌ನ .243, ರೆಮಿಂಗ್ಟನ್‌ನ .244. ರೆಮಿಂಗ್ಟನ್‌ನ ಕೋಶ ಸ್ವಲ್ಪ ದೊಡ್ಡದೇ, ಕಸುವೂ ತುಸು ಹೆಚ್ಚೇ. ಆದರೆ ಅದರ ನಳಿಗೆಯ ತಿರುವು 12 ಇಂಚಿಗೆ ಒಂದು ಸುತ್ತು. ವಿಂಚೆಸ್ಟರ್‌ನದು 10 ಇಂಚಿಗೆ. ರೆಮಿಂಗ್ಟನ್‌ನವರ ಕಣ್ಣು ಇದ್ದದ್ದು ಹೊಲ ಹಾಳುಮಾಡುವ ಸಣ್ಣ ಪ್ರಾಣಿಗಳ ಮೇಲೆ, ಅದಕ್ಕೆ ಹಗುರ ಗುಂಡು ಸಾಕು. ಕೊಳ್ಳುವವರಿಗೆ ಬೇಕಾದದ್ದು ಜಿಂಕೆಗೂ ಆಗುವ 100 ಗ್ರೇನಿನ ಗುಂಡು. ಆ ಉದ್ದದ ಗುಂಡನ್ನು 12 ಇಂಚಿನ ತಿರುವು ಎಷ್ಟೋ ಸಲ ನೆಟ್ಟಗೆ ನಿಲ್ಲಿಸಲಾರದೆ ಹೋಯಿತು. ಸಾಕಷ್ಟು ತಿರುವು ಸಿಗದ ಗುಂಡು ಕಾಗದದಲ್ಲಿ ದುಂಡನೆ ತೂತಿನ ಬದಲು ಬೀಗದ ಕಣ್ಣಿನಂಥ ಉದ್ದ ತೂತು ಮಾಡುತ್ತದೆ, ಅಡ್ಡ ಮಲಗಿ ಬಂದು ಬಡಿದ ಗುರುತು ಅದು. ರೆಮಿಂಗ್ಟನ್ ತಿರುವನ್ನು 9 ಇಂಚಿಗೆ ಬಿಗಿ ಮಾಡಿತು, 1963ರಲ್ಲಿ ಹೆಸರನ್ನೇ 6 ಎಂಎಂ ರೆಮಿಂಗ್ಟನ್ ಎಂದು ಬದಲಿಸಿತು. ಅಷ್ಟರಲ್ಲಿ ಪಂದ್ಯ ಮುಗಿದಿತ್ತು. .243 ಇಂದಿಗೂ ಲೋಕದ ಮೂಲೆಮೂಲೆಯಲ್ಲಿ ಸಿಗುತ್ತದೆ. ಹಳೆಯ .244 ರೈಫಲ್ ಹೊಂದಿದವರಿಗೆ ಒಳ್ಳೆಯ ದಾರಿಯೆಂದರೆ, ಅದರ ಪಥ್ಯ ತಿಳಿದು ಗಿಡ್ಡ ಗುಂಡಿನ ತೋಟಾ ತಾವೇ ಕಟ್ಟುವುದು. ಹಾಗೆ ಕಟ್ಟಿದವರ ಕೈಯಲ್ಲಿ ಅದು ಅಚ್ಚುಕಟ್ಟಾಗಿ ಹೊಡೆಯುತ್ತದೆ. ರೈಫಲ್‌ನದು ಎಂದೂ ತಪ್ಪಿರಲಿಲ್ಲ.

■ ಚಳಿಯೂ ಗುಂಡನ್ನು ತಡವರಿಸುವಂತೆ ಮಾಡುತ್ತದೆ. ಎಂ-16 ರೈಫಲ್‌ನ ಮೊದಲ ತಿರುವು 14 ಇಂಚಿಗೆ ಒಂದು ಸುತ್ತು. ಧ್ರುವಪ್ರದೇಶದ ಕೊರೆಯುವ ಗಾಳಿ ದಟ್ಟವಾದದ್ದು, ಅದರಲ್ಲಿ ಗುಂಡು ಹೊಯ್ದಾಡಿತು. ತಿರುವನ್ನು 12 ಇಂಚಿಗೆ ಇಳಿಸಬೇಕಾಯಿತು.

■ ಗುಂಡು ಕೋಶದ ಬಾಯಿಂದ ಕಳಚಿ ಸುರುಳಿ ಗೆರೆಗಳನ್ನು ಕಚ್ಚುವ ಮೊದಲು ಒಂದು ಸಣ್ಣ ಜಿಗಿತ ಜಿಗಿಯುತ್ತದೆ. ಆ ಜಿಗಿತ ಎಷ್ಟಿರಬೇಕೆಂಬುದು ಒಂದೊಂದು ರೈಫಲ್‌ಗೆ ಒಂದೊಂದು. ಗುಂಡನ್ನು ಕೋಶದೊಳಗೆ ಎಷ್ಟು ಆಳ ಕೂರಿಸಬೇಕೆಂದು ಇಂಚಿನ ಸಾವಿರದ ಕೆಲವು ಪಾಲುಗಳಲ್ಲಿ ಹಿಂದೆ ಮುಂದೆ ಮಾಡಿ ನೋಡುತ್ತಾರೆ. ಮದ್ದು, ಪ್ರೈಮರ್, ಕೋಶ ಯಾವುದನ್ನೂ ಮುಟ್ಟದೆ ಇದೊಂದನ್ನೇ ಸರಿಮಾಡಿದಾಗ ಕಾಗದದ ಮೇಲಿನ ತೂತುಗಳ ಗುಂಪಿನ ಅಗಲ ಅರ್ಧಕ್ಕೆ ಇಳಿದದ್ದುಂಟು. ಅಪ್ಪಟ ತಾಮ್ರದ ಗುಂಡುಗಳಿಗೆ ಸಾಮಾನ್ಯವಾಗಿ ದೊಡ್ಡ ಜಿಗಿತ ಬೇಕು. 1980ರ ದಶಕದ ಕೊನೆಗೆ ಬಂದ ಬಾರ್ನ್ಸ್ ಎಕ್ಸ್ ಎಂಬ ತಾಮ್ರದ ಗುಂಡು ಬೇಟೆಯಲ್ಲಿ ಹೆಸರು ಮಾಡಿತು, ಆದರೆ ಎಷ್ಟೋ ರೈಫಲ್‌ಗಳು ಅದನ್ನು ಒಪ್ಪಲೇ ಇಲ್ಲ. 2003ರಲ್ಲಿ ಅದೇ ಕಂಪನಿ ಗುಂಡಿನ ಮೈಗೆ ಉಂಗುರದಂಥ ಕಾಲುವೆಗಳನ್ನು ಕೊರೆಯಿತು. ಹಿಸುಕಿದ ತಾಮ್ರ ಹೋಗಿ ಕೂರಲು ಜಾಗ ಸಿಕ್ಕಿತು, ಒತ್ತಡ ಇಳಿಯಿತು, ಹಟಮಾರಿ ರೈಫಲ್‌ಗಳಲ್ಲಿ ಬಹಳಷ್ಟು ಒಲಿದವು.

■ ತೋಟಾ ಬದಲಿಸುವ ಮೊದಲು ಒಂದು ನೋಟು ತೆಗೆದುಕೊಳ್ಳಿ. ನಳಿಗೆಗೂ ಅದರ ಕೆಳಗಿನ ಮರಕ್ಕೂ ನಡುವೆ ನೋಟನ್ನು ತೂರಿಸಿ ಹಿಂದಕ್ಕೆ ಎಳೆದರೆ ಸರಾಗ ಜಾರಬೇಕು. ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಮರ ನಳಿಗೆಯನ್ನು ತಳ್ಳುತ್ತಿದೆ. ಈಡಿನ ಹೊತ್ತಿಗೆ ನಳಿಗೆ ತಂತಿವಾದ್ಯದಂತೆ ಕಂಪಿಸುತ್ತದೆ. ಗುಂಡು ನಳಿಗೆಯಲ್ಲಿರುವುದು ಸೆಕೆಂಡಿನ ಸಾವಿರದ ಒಂದೆರಡು ಪಾಲು ಮಾತ್ರ, ಆದರೆ ಅಷ್ಟರಲ್ಲೇ ಕಂಪನ ಬಾಯಿಗೆ ತಲುಪಿರುತ್ತದೆ. ಮಳೆಗಾಲದಲ್ಲಿ ನಮ್ಮ ಮನೆ ಬಾಗಿಲು ಉಬ್ಬಿ ಚಿಲಕ ಸೇರದ ಹಾಗೆಯೇ ರೈಫಲ್‌ನ ಮರವೂ ತೇವಕ್ಕೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಜನವರಿಯಲ್ಲಿ ಒಲಿದ ತೋಟಾ ಜುಲೈಯಲ್ಲಿ ಮುನಿಯುವುದು ಇದರಿಂದ.

■ ಹಟಕ್ಕೆ ಇತಿಹಾಸದಲ್ಲೇ ಹೆಸರಾದದ್ದು ಬ್ರಿಟನ್ನಿನ ‘ಜಂಗಲ್ ಕಾರ್ಬೈನ್’. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944ರಿಂದ, ಲೀ-ಎನ್‌ಫೀಲ್ಡನ್ನು ಕತ್ತರಿಸಿ ಹಗುರ ಮಾಡಿ ಕಟ್ಟಿದ ರೈಫಲ್ ಅದು. ಇಂದು ಗುರಿ ಕೂರಿಸಿದರೆ ನಾಳೆ ಬೇರೆ ಕಡೆ ಹೊಡೆಯುತ್ತದೆ ಎಂಬ ದೂರು ನಿಲ್ಲಲೇ ಇಲ್ಲ. ಇದು ಹುಟ್ಟಿನ ದೋಷ, ತಿದ್ದಲಾಗದು ಎಂದು ಸೇನೆ 1947ರಲ್ಲಿ ತಯಾರಿಕೆಯನ್ನೇ ಕೈಬಿಟ್ಟಿತು.

■ ಮೂರು ಈಡಿನ ಗುಂಪು ನಂಬಿಕೆಗೆ ಯೋಗ್ಯವೇ? ಈ ಹವ್ಯಾಸದಲ್ಲಿ ಅತಿ ಹೆಚ್ಚು ಜನ ಮೋಸಹೋಗುವುದು ಇಲ್ಲೇ, ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾವ ರೈಫಲ್‌ನ ಗುಂಡುಗಳೂ ಒಂದೇ ತೂತಿಗೆ ಹೋಗುವುದಿಲ್ಲ, ಒಂದು ನಡುವಿನ ಸುತ್ತ ಚೆದುರುತ್ತವೆ. ಮೂರೇ ಈಡು ಹೊಡೆದಾಗ ದೂರದ ಅಂಚಿಗೆ ಹೋಗುವ ಗುಂಡು ಬೀಳದೇ ಇರುವ ಸಂಭವ ಹೆಚ್ಚು. ಅದೇ ರೈಫಲ್, ಅದೇ ತೋಟಾದಲ್ಲಿ ಹತ್ತು ಈಡು ಹೊಡೆದರೆ ಗುಂಪಿನ ಅಗಲ ಸರಾಸರಿ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚೇ ಆಗುತ್ತದೆ. ಏನೂ ಕೆಟ್ಟಿಲ್ಲ, ಮೊದಲು ಕಂಡದ್ದು ಪೂರ್ತಿ ಸತ್ಯವಾಗಿರಲಿಲ್ಲ ಅಷ್ಟೆ. ಈಗ ಹತ್ತು ಬೇರೆ ಬೇರೆ ಮದ್ದಿನ ಅಳತೆಗಳಲ್ಲಿ ಮೂರು ಮೂರು ತೋಟಾ ಕಟ್ಟಿ ಪರೀಕ್ಷಿಸಿದ್ದೀರಿ ಎನ್ನಿ. ಹತ್ತೂ ನಿಜವಾಗಿ ಒಂದೇ ಗುಣದವಾಗಿದ್ದರೂ ಒಂದು ಗುಂಪು ಅದೃಷ್ಟಕ್ಕೆ ಪುಟ್ಟದಾಗಿ ಬಂದೇ ಬರುತ್ತದೆ. ‘ಸಿಕ್ಕಿತು ನನ್ನ ರೈಫಲ್‌ನ ಪಥ್ಯ’ ಎಂದು ಅದನ್ನೇ ನೂರು ಕಟ್ಟಿಕೊಂಡು ಕಾಡಿಗೆ ಹೋದವನಿಗೆ ರೈಫಲ್ ಹಟಮಾರಿಯಂತೆ ಕಾಣುತ್ತದೆ. ಹಟ ರೈಫಲ್‌ನದಲ್ಲ, ಅವಸರ ಅವನದು. ಒಂದು ಸಲಕ್ಕೆ ಒಂದನ್ನೇ ಬದಲಿಸು, ಒಲಿದಂತೆ ಕಂಡದ್ದನ್ನು ಇನ್ನೊಂದು ದಿನ ಮತ್ತೆ ಹೊಡೆದು ನೋಡು. ಹಳಬರು ಹೇಳುತ್ತಾ ಬಂದದ್ದು ಇಷ್ಟೇ, ಲೆಕ್ಕಶಾಸ್ತ್ರವೂ ಇದನ್ನೇ ಹೇಳುತ್ತದೆ.

■ ಗುಂಡಿನ ವೇಗವನ್ನು ಮೊದಲು ಅಳೆದವನ ಕೊನೆಯುಸಿರು ನಮ್ಮ ದಕ್ಷಿಣದಲ್ಲೇ ನಿಂತಿತು ಎಂದರೆ ನಂಬುತ್ತೀರಾ? ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲೆಂಡಿನ ಗಣಿತಜ್ಞ 1742ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ದಪ್ಪ ಮರದ ಹಲಗೆಯೊಂದನ್ನು ಲೋಲಕದಂತೆ ತೂಗುಬಿಟ್ಟು ಅದಕ್ಕೆ ಗುಂಡು ಹೊಡೆಯುವುದು ಅವನ ಉಪಾಯ. ಹಲಗೆ ಹಿಂದಕ್ಕೆ ತೂಗುವಾಗ ಒಂದು ರಿಬ್ಬನನ್ನು ಎಳೆದುಕೊಂಡು ಹೋಗುತ್ತದೆ. ರಿಬ್ಬನ್ ಎಷ್ಟು ಇಂಚು ಬಂತೆಂದು ನೋಡಿ, ಹಲಗೆಯ ತೂಕ, ಗುಂಡಿನ ತೂಕ ಹಿಡಿದು ಲೆಕ್ಕ ಹಾಕಿದರೆ ವೇಗ ಸಿಗುತ್ತದೆ. ಗಾಳಿ ಗುಂಡನ್ನು ಎಷ್ಟು ಭಯಂಕರವಾಗಿ ತಡೆಯುತ್ತದೆ ಎಂಬುದು ಲೋಕಕ್ಕೆ ಗೊತ್ತಾದದ್ದು ಆಗಲೇ. ಮಹಾಗಣಿತಜ್ಞ ಆಯ್ಲರ್ 1745ರಲ್ಲಿ ಆ ಪುಸ್ತಕವನ್ನು ಜರ್ಮನ್ನಿಗೆ ತಂದು, ಮೂಲಕ್ಕಿಂತ ದೊಡ್ಡ ಟಿಪ್ಪಣಿ ಬರೆದ. ಮುಂದೆ ರಾಬಿನ್ಸ್ ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಸರಿಪಡಿಸಲು ಭಾರತಕ್ಕೆ ಬಂದ. 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ತೀರಿಕೊಂಡ. ಇಂದು ಅಂಗೈಯಗಲದ ರೇಡಾರ್ ಯಂತ್ರವನ್ನು ಪಕ್ಕದಲ್ಲಿಟ್ಟು ವೇಗ ಓದಿಕೊಳ್ಳುವ ಪ್ರತಿ ತೋಟಾ ಹವ್ಯಾಸಿಗೂ ಅವನ ಋಣವಿದೆ. ಕಡಲೂರಿಗೆ ಹೋಗುವವರು ಆ ಕೋಟೆಯ ಅವಶೇಷದ ಹತ್ತಿರ ಅವನನ್ನು ಒಮ್ಮೆ ನೆನೆಯಬೇಕು.

■ ಬಿಸಿಲು ಮದ್ದಿನ ಕಸುವನ್ನು ಏರಿಸುತ್ತದೆ. ಇಂಗ್ಲೆಂಡಿನ ಚಳಿಯಲ್ಲಿ ಸರಿಯಿದ್ದ ಕಾರ್ಡೈಟ್ ಮದ್ದಿನ ತೋಟಾ ಭಾರತದ, ಆಫ್ರಿಕಾದ ಬಿಸಿಲಲ್ಲಿ ಒತ್ತಡ ಏರಿ ಗೂಡಿಗೆ ಅಂಟಿಕೊಳ್ಳುತ್ತಿತ್ತು. ಎದುರಿಗೆ ಹುಲಿಯೋ ಆನೆಯೋ ಇದ್ದಾಗ ಖಾಲಿ ಕೋಶ ಹೊರಬರದಿದ್ದರೆ ಗತಿ? ಅದಕ್ಕೇ ಉಷ್ಣದೇಶಗಳಿಗೆಂದು ಮದ್ದು ಕಡಿಮೆ ಮಾಡಿದ ತೋಟಾಗಳು ಬೇರೆಯೇ ಬರುತ್ತಿದ್ದವು, 1911ರ .416 ರಿಗ್ಬಿಯಂಥವಕ್ಕೆ ಒತ್ತಡ ಕಡಿಮೆ ಇರಲೆಂದೇ ದೊಡ್ಡ ಕೋಶ ಕೊಟ್ಟರು. ನೀಲಗಿರಿಯ ಅರುವಂಕಾಡಿನಲ್ಲಿ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಕಟ್ಟಿದ ಕಾರ್ಡೈಟ್ ಕಾರ್ಖಾನೆ ಇಂದಿಗೂ ಇದೆ, ಊಟಿ ರೈಲಿನಲ್ಲಿ ಹೋದವರು ಆ ನಿಲ್ದಾಣ ನೋಡಿರುತ್ತೀರಿ. ಬಿಸಿ ಚಳಿಗೆ ಅಷ್ಟಾಗಿ ಬದಲಾಗದ ಮದ್ದುಗಳು ಈಗ ಆಸ್ಟ್ರೇಲಿಯಾದಿಂದ ಬರುತ್ತವೆ.

■ ಬ್ರಿಟಿಷ್ ಸರ್ಕಾರ 1907ರ ಸುಮಾರಿಗೆ ಭಾರತಕ್ಕೂ ಸುಡಾನಿಗೂ .450 ಗಾತ್ರದ ತೋಟಾ ತರುವುದನ್ನೇ ನಿಷೇಧಿಸಿತು. ಬಂಡಾಯಗಾರರು ಗುಂಡು ಕಳಚಿ ತಮ್ಮ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕುಗಳಿಗೆ ತೋಟಾ ಕಟ್ಟಿಕೊಂಡಾರು ಎಂಬ ಭಯ! ಇಂಗ್ಲೆಂಡಿನ ಕೋವಿ ತಯಾರಕರು ಹೊಸ ಗಾತ್ರಗಳನ್ನು ಹುಡುಕಬೇಕಾಯಿತು, ಹೆಸರಾಂತ .470 ಹಾಗೆ ನೆಲೆಯೂರಿದ್ದು.

■ ಬೆಂಗಳೂರಿನ ಬೇಟೆಗಾರ, ಲೇಖಕ ಕೆನೆತ್ ಆಂಡರ್ಸನ್ ಕೈಯಲ್ಲಿ ಇರುತ್ತಿದ್ದದ್ದು .405 ವಿಂಚೆಸ್ಟರ್. ಆಂಡರ್ಸನ್‌ನ ಅನುಭವಗಳನ್ನು ಕನ್ನಡಕ್ಕೆ ತಂದ ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’ ಓದಿದ ಕನ್ನಡಿಗರಿಗೆ ಆ ರೈಫಲ್‌ನ ಪರಿಚಯ ಚೆನ್ನಾಗಿದೆ. 1909ರಲ್ಲಿ ಆಫ್ರಿಕಾಕ್ಕೆ ಹೋದ ಥಿಯೋಡರ್ ರೂಸ್‌ವೆಲ್ಟ್ ಒಯ್ದದ್ದೂ ಇದನ್ನೇ. ಇಪ್ಪತ್ತನೇ ಶತಮಾನದಲ್ಲೇ ಕಾರ್ಖಾನೆ ಈ ತೋಟಾವನ್ನು ಕೈಬಿಟ್ಟಿತು. ಇಪ್ಪತ್ತೊಂದನೇ ಶತಮಾನದಲ್ಲಿ ಅದು ಮತ್ತೆ ಬರುವವರೆಗೆ ಅಮೆರಿಕದಲ್ಲಿ ಆ ರೈಫಲ್‌ಗಳನ್ನು ಮಾತಾಡಿಸುತ್ತಿದ್ದವರು ಮನೆಯಲ್ಲಿ ಕೂತು ತೋಟಾ ಕಟ್ಟುವವರೇ.

■ ಗುರಿ ಎಷ್ಟೇ ಸರಿಯಿದ್ದರೂ ಗುಂಡು ಪ್ರಾಣಿಯ ಮೈಯಲ್ಲಿ ಮಾಡುವ ಕೆಲಸ ಬೇರೆ ವಿಷಯ. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಜಾನ್ ನೋಸ್ಲರ್ ಎಂಬ ಬೇಟೆಗಾರ ಒಂದು ಮೂಸ್ ಕಡವೆಗೆ ಗುಂಡಿನ ಮೇಲೆ ಗುಂಡು ಹೊಡೆದ. ಅದರ ಮೈಮೇಲೆ ಒಣಗಿದ ಕೆಸರಿನ ಹೊರಪದರ. ಗುಂಡುಗಳು ತೊಗಲಿನಲ್ಲೇ ಚೂರಾಗಿ ಒಳಗೆ ಇಳಿಯಲಿಲ್ಲ. ಆ ಪ್ರಾಣಿಯ ಸಂಕಟ ಕಂಡವನು ಮನೆಗೆ ಬಂದು, ಒಳಗೆ ಅಡ್ಡಗೋಡೆಯಿರುವ ಗುಂಡು ಮಾಡಿದ: ಮುಂದಿನ ಅರ್ಧ ಅರಳುತ್ತದೆ, ಹಿಂದಿನ ಅರ್ಧ ಗಟ್ಟಿಯಾಗಿ ಆಳಕ್ಕೆ ಹೋಗುತ್ತದೆ. 1948ರಲ್ಲಿ ಶುರುವಾದ ಅವನ ಕಂಪನಿ ಆ ಪಾರ್ಟಿಷನ್ ಗುಂಡನ್ನು ಇಂದಿಗೂ ಮಾರುತ್ತಿದೆ. ಪುಟ್ಟ ಗುಂಪು, ಸರಿಯಾದ ಗುಂಡು ಎಂದು ಇಷ್ಟೆಲ್ಲ ಒದ್ದಾಡುವುದಕ್ಕೆ ಒಂದೇ ಸಮರ್ಥನೆಯಿದೆ. ಪ್ರಾಣಿ ಗಾಯಗೊಂಡು ಪೊದೆ ಸೇರಿ ದಿನಗಟ್ಟಲೆ ನರಳಬಾರದು.

■ ಮೈಯಲ್ಲಿ ಅರಳುವ ಗುಂಡಿಗೆ ಲೋಕದಲ್ಲೆಲ್ಲ ‘ಡಮ್‌ಡಮ್’ ಎಂದು ಹೆಸರು. ಅದು ಕೋಲ್ಕತ್ತದ ಪಕ್ಕದ ದಮ್‌ದಮ್‌ನ ಬ್ರಿಟಿಷ್ ಶಸ್ತ್ರಾಗಾರದಿಂದ ಬಂದದ್ದು. 1899ರ ಹೇಗ್ ಘೋಷಣೆ ಇಂಥ ಗುಂಡನ್ನು ಯುದ್ಧದಲ್ಲಿ ನಿಷೇಧಿಸಿತು. ಅದೇ ಬ್ರಿಟನ್ನಿನ 1991ರ ಜಿಂಕೆ ಕಾಯ್ದೆ ಜಿಂಕೆಗೆ ಅರಳುವ ಗುಂಡನ್ನೇ ಬಳಸಬೇಕು ಅನ್ನುತ್ತದೆ.

■ ಸೀಸದ ಗುಂಡು ಚೂರಾಗಿ ಬೇಟೆಯ ಕರುಳಿನಲ್ಲಿ ಉಳಿಯುತ್ತದೆ, ಅದನ್ನು ತಿಂದ ರಣಹದ್ದು ಸಾಯುತ್ತದೆ. 1982ರಲ್ಲಿ ಕ್ಯಾಲಿಫೋರ್ನಿಯಾದ ಕಾಂಡೋರ್ ಹದ್ದುಗಳು ಇಡೀ ಲೋಕದಲ್ಲಿ 22 ಮಾತ್ರ ಉಳಿದಿದ್ದವು. ಆ ರಾಜ್ಯ 2013ರಲ್ಲಿ ಕಾನೂನು ತಂದು, 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸವನ್ನು ಪೂರ್ತಿ ನಿಷೇಧಿಸಿತು. ತಾಮ್ರ ಸೀಸಕ್ಕಿಂತ ಹಗುರ, ಅಷ್ಟೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಉದ್ದವಾದರೆ ತಿರುವು ಸಾಲದು! ಸಾವಿರಾರು ಹಳೆಯ ರೈಫಲ್‌ಗಳು ಒಂದೇ ಕಾನೂನಿಗೆ ಮತ್ತೆ ಹಟ ಹಿಡಿದವು, ಅವುಗಳ ಯಜಮಾನರು ಮತ್ತೆ ಮೊದಲಿಂದ ಪಥ್ಯ ಹುಡುಕಬೇಕಾಯಿತು. ರಾಮನಗರದ ಬೆಟ್ಟದಲ್ಲಿ ರಣಹದ್ದುಗಳು ಬರಿದಾಗುವುದನ್ನು ಕಂಡ ನಮಗೆ ಆ ಕಷ್ಟ ತೆಗೆದುಕೊಂಡದ್ದು ಸರಿಯೆಂದೇ ತೋರಬೇಕು. ನಮ್ಮ ದೇಶದಲ್ಲಿ ಹದ್ದುಗಳನ್ನು ಬಹುಪಾಲು ಮುಗಿಸಿದ್ದು ಮಾತ್ರ ಸೀಸವಲ್ಲ, ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಔಷಧ.

■ ಯುದ್ಧಕಾಲದ ಕೊರತೆಯೇ ಈ ಕಸುಬಿನ ದೊಡ್ಡ ಹೆಸರುಗಳನ್ನು ಹುಟ್ಟಿಸಿತು. 1943ರಲ್ಲಿ ಗುಂಡು ಸಿಗದೆ ಕ್ಯಾಲಿಫೋರ್ನಿಯಾದ ಫ್ರೆಡ್ ಹಂಟಿಂಗ್ಟನ್, ಬಿಸಾಡಿದ .22 ಕೋಶಗಳನ್ನೇ ಒತ್ತಿ ಗುಂಡಿನ ಕವಚ ಮಾಡುವ ಅಚ್ಚು ತಯಾರಿಸಿದ. ಇಂದಿನ ಆರ್‌ಸಿಬಿಎಸ್ ಕಂಪನಿಯ ಬೀಜ ಅದು. ಯುದ್ಧ ಮುಗಿದ ಮೇಲೆ ಕ್ಯಾನ್ಸಸ್‌ನ ಬ್ರೂಸ್ ಹಾಜ್‌ಡನ್ ಸರ್ಕಾರದ ಮಿಗುತಾಯದ ಮದ್ದನ್ನು ರಾಶಿಗಟ್ಟಲೆ ಕೊಂಡು, ಹುಲ್ಲುಗಾವಲಿನಲ್ಲಿ ನಿಲ್ಲಿಸಿದ ಹಳೆಯ ರೈಲು ಡಬ್ಬಿಯಲ್ಲಿ ತುಂಬಿಟ್ಟು ಹವ್ಯಾಸಿಗಳಿಗೆ ಮಾರಿದ.

■ ನಮ್ಮಲ್ಲಿ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಮುಗಿದ ಅಧ್ಯಾಯ, ಮುಗಿದದ್ದೇ ಒಳ್ಳೆಯದಾಯಿತು. ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಶಸ್ತ್ರ ಕಸಿಯುವ ಬ್ರಿಟಿಷರ ಕಾನೂನಿನ ವಿರುದ್ಧ 1857ರಲ್ಲಿ ಹಲಗಲಿಯ ಬೇಡರು ಪ್ರಾಣ ಕೊಟ್ಟರು. ಅಂಥದೇ ಕಾನೂನಿನಿಂದ ಕೊಡವರಿಗೆ 1861ರಲ್ಲಿ ವಿನಾಯಿತಿ ಸಿಕ್ಕಿತು. ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೊಡವರು ತೋಕನ್ನು, ಅಂದರೆ ಕೋವಿಯನ್ನು, ತೊಳೆದು, ಹೂವಿಟ್ಟು ಪೂಜಿಸಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಈಡು ಹೊಡೆಯುತ್ತಾರೆ.

■ ಕೊನೆಗೆ, ಬೇಟೆಗಾರನಿಗೆ ನಿಜವಾಗಿ ಬೇಕಾದ ಈಡು ಎಷ್ಟು? ಒಂದು. ಅದೂ ರಾತ್ರಿಯಿಡೀ ತಣ್ಣಗಿದ್ದ ನಳಿಗೆಯಿಂದ ಹೊರಡುವ ಮೊದಲನೆಯದು. ಬಿಸಿಯೇರಿದ ನಳಿಗೆಯ ಹತ್ತನೇ ಈಡು ಎಲ್ಲಿ ಬೀಳುತ್ತದೆ ಎಂಬುದು ಕಾಡಿನಲ್ಲಿ ಅವನಿಗೆ ಉಪಯೋಗವಿಲ್ಲ. ಆದ್ದರಿಂದ ತಿಳಿದವರು ತಮ್ಮ ತೋಟಾವನ್ನು ಕೊನೆಯದಾಗಿ ಪರೀಕ್ಷಿಸುವ ಬಗೆ ಹೀಗಿದೆ: ಒಂದೇ ಕಾಗದ. ಬೆಳಗ್ಗೆ ತಣ್ಣನೆ ರೈಫಲ್ ತೆಗೆದು ಒಂದೇ ಈಡು ಹೊಡೆದು, ತೂತಿನ ಪಕ್ಕ ಪೆನ್ಸಿಲಿನಲ್ಲಿ ತಾರೀಖು ಬರೆದು, ಕಾಗದ ಮಡಚಿ ಒಳಗಿಡುತ್ತಾರೆ. ಮರುದಿನ ಅದೇ ಕಾಗದ ಅದೇ ಜಾಗಕ್ಕೆ ಅಂಟಿಸಿ ಇನ್ನೊಂದು. ಮಂಜು ಬಿದ್ದ ದಿನವೊಂದು, ಬಿಸಿಲಿದ್ದ ದಿನವೊಂದು. ಹತ್ತು ಬೆಳಗು ಕಳೆದಾಗ ಆ ಕಾಗದದಲ್ಲಿ ಹತ್ತು ತಾರೀಖುಗಳಿರುತ್ತವೆ, ಹತ್ತೂ ಒಂದು ಬೊಗಸೆಯೊಳಗೆ.